ಸಕ್ಕರೆ ಇಳಿದ ಮೇಲೆ

ಪ್ರೊಸೆಕ್ಕೊಗೆ ಅಗ್ಗದ ಸಂಭ್ರಮದ ವೈನ್ ಎಂಬ ಹೆಸರು ಅಂಟಿಬಿಟ್ಟಿದೆ. ಬಾಟಲಿ ಟಪ್ಪೆಂದಿತು, ನೊರೆ ಉಕ್ಕಿತು, ಫೋಟೊ ಆಯಿತು. ರುಚಿ ಹೇಗಿತ್ತೆಂದು ಮಾರನೆಯ ದಿನ ಕೇಳಿದರೆ ಯಾರಿಗೂ ನೆನಪಿರುವುದಿಲ್ಲ. ಕುಡಿದವರದೇನೂ ತಪ್ಪಿಲ್ಲ ಬಿಡಿ. ಎಲ್ಲೆಲ್ಲೋ ಬಯಲಲ್ಲಿ ಬೆಳೆದ ಗ್ಲೇರಾ ದ್ರಾಕ್ಷಿಯನ್ನೆಲ್ಲ ಒಂದೇ ತೊಟ್ಟಿಗೆ ಸುರಿದರೆ ಊರಿನ ಗುರುತು ಎಲ್ಲಿ ಉಳಿದೀತು?

ಅದೇ ಗ್ಲೇರಾ ವಾಲ್ದೊಬ್ಬಿಯಾದೆನೆಯ ಗುಡ್ಡ ಹತ್ತಿದರೆ ಮಾತೇ ಬೇರೆ. ವೆನಿಸ್‌ನಿಂದ ಉತ್ತರಕ್ಕೆ, ಆಲ್ಪ್ಸ್ ಶುರುವಾಗುವ ಮೊದಲೇ ಸಿಗುವ ಈ ಗುಡ್ಡಸಾಲು 2019ರಲ್ಲಿ ಯುನೆಸ್ಕೊ ಪಟ್ಟಿ ಸೇರಿತು. ಇಲ್ಲಿನ ಕಡಿದಾದ ಇಳಿಜಾರುಗಳಿಗೆ ಸ್ಥಳೀಯರು 'ರೀವೆ' ಎನ್ನುತ್ತಾರೆ. ಮಣ್ಣು ಜಾರದಂತೆ ತಡೆಯುವುದು ಕಲ್ಲಿನ ಗೋಡೆಯಲ್ಲ, ಹುಲ್ಲು ಬೇರುಬಿಟ್ಟ ಬದುಗಳು. ಯಂತ್ರ ಏರುವ ಜಾಗವಲ್ಲ. ಸೆಪ್ಟೆಂಬರಿನಲ್ಲಿ ಒಂದು ಕಾಲು ಮೇಲೆ, ಇನ್ನೊಂದು ಕೆಳಗೆ ಊರಿಕೊಂಡೇ ಗೊಂಚಲು ಕತ್ತರಿಸಬೇಕು. ಲೇಬಲ್ಲಿನ ಮೇಲೆ 'ರೀವೆ' ಬರೆಯುವುದಕ್ಕೂ ಕಟ್ಟಳೆಯಿದೆ: ದ್ರಾಕ್ಷಿ ಒಂದೇ ಊರಿನದಾಗಿರಬೇಕು, ಕೈಯಲ್ಲೇ ಕೊಯ್ದಿರಬೇಕು, ಸುಗ್ಗಿಯ ವರ್ಷ ನಮೂದಾಗಿರಬೇಕು. ಕೆಲವರಿಗೆ ಊರೂ ದೊಡ್ಡದಾಯಿತು, ಒಂದೇ ತೋಟ ಸಾಕು. ಕೊಲ್ಬೆರ್ತಾಲ್ದೊದಲ್ಲಿ ಅರ್ಧಚಂದ್ರಾಕಾರವಾಗಿ ಬಾಗಿದ 'ಜಾರ್ದಿನೊ' ತೋಟವನ್ನು ಅಬೆಲೆ ಆದಾಮಿ ಕೊಂಡದ್ದು 1920ರಲ್ಲಿ. ಆ ಹೆಸರಿನ ವೈನ್ ಇಂದಿಗೂ ಬರುತ್ತಿದೆ.

ಇಷ್ಟೆಲ್ಲ ಬೆವರು ಸುರಿಸಿ ಮಾಡಿದ್ದನ್ನು ಸಕ್ಕರೆಯಲ್ಲಿ ಮುಚ್ಚಬೇಕೇ ಎಂಬುದೇ ನನ್ನ ತಕರಾರು. ಒಳ್ಳೆಯ ಡಿಕಾಕ್ಷನ್ನಿಗೆ ಮೂರು ಚಮಚ ಸಕ್ಕರೆ ಸುರಿದ ಮೇಲೆ ಅದು ಚಿಕ್ಕಮಗಳೂರಿನದೋ ಕೊಡಗಿನದೋ ಎಂದು ಹೇಳುವವರು ಯಾರು? ಲೇಬಲ್ ಓದುವಾಗ ಎಚ್ಚರವಿರಲಿ. 'ಡ್ರೈ' ಎಂದಿದ್ದರೆ ಲೀಟರಿಗೆ 17ರಿಂದ 32 ಗ್ರಾಂ ಸಕ್ಕರೆ, ಚೆನ್ನಾಗಿಯೇ ಸಿಹಿ. ಸಿಹಿ ಬೇಡವೆಂದರೆ 12 ಗ್ರಾಂ ಮೀರದ 'ಬ್ರೂಟ್' ಹುಡುಕಬೇಕು. ಇನ್ನೂ ಕಡಿಮೆಯೆಂದರೆ 6 ಗ್ರಾಂ ಮೀರದ 'ಎಕ್ಸ್‌ಟ್ರಾ ಬ್ರೂಟ್'.

ಸಕ್ಕರೆ ಇಳಿಯಿತೆಂದರೆ ಮಾಡುವವನಿಗೆ ಮರೆ ತಪ್ಪಿತು. ಷಾಂಪೇನಿಗಾದರೆ ಬಾಟಲಿಯಲ್ಲೇ ಯೀಸ್ಟಿನ ಜೊತೆ ವರ್ಷಗಟ್ಟಲೆ ಮಲಗಿ ಬಂದ ಬ್ರೆಡ್ಡಿನ ಪರಿಮಳದ ಆಸರೆಯಿದೆ. ಪ್ರೊಸೆಕ್ಕೊ ಸಾಮಾನ್ಯವಾಗಿ ಎರಡನೆಯ ಸಲ ಹುಳಿಯುವುದು ಒತ್ತಡದ ತೊಟ್ಟಿಯಲ್ಲಿ, 1895ರಲ್ಲಿ ಫೆದೆರಿಕೊ ಮಾರ್ತಿನೊತ್ತಿ ಕಂಡುಕೊಂಡ ಕ್ರಮದಲ್ಲಿ. ಹಣ್ಣಿನ ತಾಜಾತನ ಉಳಿಯುತ್ತದೆ, ಹಣ್ಣು ಸಪ್ಪೆಯಾಗಿದ್ದರೆ ಅದೂ ಉಳಿಯುತ್ತದೆ! ಒಳ್ಳೆಯ ಬ್ರೂಟ್ ರೀವೆಯನ್ನು ಮೂಗಿಗೆ ಹಿಡಿದರೆ ಮೊದಲು ಹಸಿರು ಸೇಬು, ಪೇರ್, ಯಾವುದೋ ಬಿಳಿ ಹೂವು. ನಾಲಿಗೆಗೆ ಬಿದ್ದೊಡನೆ ಗುಳ್ಳೆಗಳ ಚುರುಕು, ಬೆನ್ನಿಗೇ ಹುಳಿ. ನುಂಗಿದ ಮೇಲೆ ಉಪ್ಪಿನ ಸುಳಿವು, ಬಾದಾಮಿ ಸಿಪ್ಪೆಯ ತೆಳು ಕಹಿ. ಆ ಕಹಿಗಾಗಿಯೇ ನಾನು ಇದನ್ನು ಮೆಚ್ಚುವುದು. ಕೊಳವೆಯಂಥ ಗ್ಲಾಸಿನಲ್ಲಿ ಇದ್ಯಾವುದೂ ಸಿಗದು, ಮೂಗಿಗೇ ಜಾಗವಿಲ್ಲ. ಅಗಲ ಬಾಯಿಯ ವೈನ್ ಗ್ಲಾಸಿಗೇ ಸುರಿಯಿರಿ, ಮೂಳೆ ಕೊರೆಯುವಷ್ಟು ತಣ್ಣಗೂ ಬೇಡ.

ಸಿಹಿ ಪ್ರೊಸೆಕ್ಕೊ ಕೂಡದೇ ಕೂಡದು ಎಂಬ ಮಡಿ ನನಗಿಲ್ಲ. ವಾಲ್ದೊಬ್ಬಿಯಾದೆನೆಯದೇ ಆದ 107 ಹೆಕ್ಟೇರಿನ ಕಾರ್ತಿತ್ಸೆ ಗುಡ್ಡದ ವೈನನ್ನು ಅಲ್ಲಿಯವರು ಹಿಂದಿನಿಂದಲೂ ಸಿಹಿಯಾಗಿಯೇ ಮಾಡಿಕೊಂಡು ಬಂದಿದ್ದಾರೆ. ಅದನ್ನು ಊಟ ಮುಗಿದ ಮೇಲೆ ಕೇಕಿನ ಜೊತೆ ತೆರೆದರಾಯಿತು.