ಜಡ್ಡಿನ ಕಾಲದ ಅಧಿಕಾರ

ನಮ್ಮ ಚಿಕ್ಕೇರೂರಿನ ಕಟ್ಟೆಯ ಮೇಲೆ ಕೂತು ಸಂವಿಧಾನದ ಮಾತೆತ್ತಿದರೆ, "ಅದೆಲ್ಲ ದಿಲ್ಲಿ, ಬೆಂಗಳೂರಿನವರ ಉಸಾಬರಿ" ಎನ್ನುವವರು ಸಿಗುತ್ತಾರೆ. ನಾನು ಒಪ್ಪುವುದಿಲ್ಲ. ಕೋವಿಡ್ ಲಾಕ್‌ಡೌನಿನಿಂದಾಗಿ 2020ರ ಮಾರ್ಚ್ 25ರಿಂದ ಬಸ್ಸು ನಿಂತವು, ಸಂತೆ ನಿಂತವು. ಮದುವೆಗೆ ಎಷ್ಟು ಜನ ಕೂಡಬೇಕು, ಮಣ್ಣಿಗೆ ಎಷ್ಟು ಜನ ಹೋಗಬೇಕು ಎಂಬುದನ್ನೂ ಸರ್ಕಾರವೇ ಹೇಳಿತು. ಕಾನೂನು ಇಷ್ಟು ಹತ್ತಿರ ಬಂದು ಹೊಸ್ತಿಲಲ್ಲಿ ನಿಂತದ್ದನ್ನು ನಮ್ಮ ಪೀಳಿಗೆ ಕಂಡಿರಲಿಲ್ಲ.

ಹಾಗಂತ ತುರ್ತು ಪರಿಸ್ಥಿತಿಯೇನೂ ಘೋಷಣೆಯಾಗಿರಲಿಲ್ಲ. 1975ರ ಕಹಿ ಉಂಡ ದೇಶ, 1978ರಲ್ಲಿ 44ನೇ ತಿದ್ದುಪಡಿ ತಂದು 352ನೇ ವಿಧಿಗೆ ಬಿಗಿ ಕಟ್ಟು ಹಾಕಿದೆ. ಯುದ್ಧ, ಹೊರಗಿನ ದಾಳಿ, ಸಶಸ್ತ್ರ ಬಂಡಾಯ ಇವಕ್ಕಷ್ಟೇ ತುರ್ತು ಪರಿಸ್ಥಿತಿ. ತಿಂಗಳೊಳಗೆ ಸಂಸತ್ತು ಒಪ್ಪಬೇಕು, ಆರಾರು ತಿಂಗಳಿಗೊಮ್ಮೆ ಮತ್ತೆ ಒಪ್ಪಬೇಕು. ಲಾಕ್‌ಡೌನ್ ಬಂದದ್ದು ಬೇರೆ ದಾರಿಯಲ್ಲಿ: 2005ರ ವಿಪತ್ತು ನಿರ್ವಹಣಾ ಕಾಯ್ದೆ, 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆ. ಆ ದಾರಿಯಲ್ಲಿ ಇಂಥ ಗಡುವುಗಳಿಲ್ಲ.

1897ರದು ಹುಟ್ಟಿದಾಗ ನಾಲ್ಕೇ ಸೆಕ್ಷನ್‌ಗಳ ಕಾಯ್ದೆ. ಮುಂಬಯಿಗೆ ಪ್ಲೇಗ್ ಬಿದ್ದಾಗ ಬ್ರಿಟಿಷರು ಮಾಡಿದ್ದು. ಆಗ ನಾವೂ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಯವರೇ. ಪುಣೆಯಲ್ಲಿ ಸೋಲ್ಜರುಗಳು ಮನೆ ಹೊಕ್ಕು ರೋಗಿಗಳನ್ನು ಹುಡುಕಿದರು. ಜನರ ಸಿಟ್ಟು ಹೊತ್ತಿತು, ಪ್ಲೇಗ್ ಅಧಿಕಾರಿ ರ‍್ಯಾಂಡ್ ಗುಂಡಿಗೆ ಬಲಿಯಾದ. ಮರುವರ್ಷ ಹುಬ್ಬಳ್ಳಿಗೂ ಪ್ಲೇಗ್ ಬಂತು. ಆ ಕಾಲದ ಸರ್ಕಾರ ಜನರಿಗೆ ಉತ್ತರ ಹೇಳಬೇಕಾದದ್ದಲ್ಲ. ಕಾಯ್ದೆಯೂ ಹಾಗೇ ಇತ್ತು. ಅದೇ ಕಾಯ್ದೆ ಗಣರಾಜ್ಯದ ಕೈಯಲ್ಲೂ ಉಳಿದುಬಂದದ್ದು ನನಗೆ ನೋವಿನ ಸಂಗತಿ.

ರೋಗ ಬಂದಾಗ ಸರ್ಕಾರಕ್ಕೆ ಹೆಚ್ಚಿನ ಅಧಿಕಾರ ಬೇಡವೆಂದಲ್ಲ. ಬೇಕೇ ಬೇಕು. ನಮ್ಮ ಸೀಮೆಯಲ್ಲಿ ಕೆರೆ ಕಟ್ಟಿಸಿದವರು ಏರಿಯ ಜೊತೆಗೆ ಕೋಡಿಯನ್ನೂ ಕಟ್ಟಿಸಿದರು. ಅಧಿಕಾರಕ್ಕೂ ಅಂಥದೊಂದು ಕೋಡಿ ಬೇಕು.

ಅದನ್ನು ದೇಶಕ್ಕೆ ತೋರಿಸಿಕೊಟ್ಟ ತೀರ್ಪಿನ ಮೇಲೆ ನಮ್ಮ ಜಿಲ್ಲೆಯವರ ಹೆಸರೇ ಇದೆ. ಕಾರಡಗಿಯಲ್ಲಿ ಹುಟ್ಟಿದ ಮುಖ್ಯಮಂತ್ರಿ ಎಸ್. ಆರ್. ಬೊಮ್ಮಾಯಿಯವರ ಸರ್ಕಾರವನ್ನು 1989ರಲ್ಲಿ ರಾಷ್ಟ್ರಪತಿ ಆಳ್ವಿಕೆ ಹೇರಿ ವಜಾ ಮಾಡಿದರು. ಅವರು ಕೋರ್ಟಿಗೆ ಹೋದರು. 1994ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ, ರಾಷ್ಟ್ರಪತಿ ಆಳ್ವಿಕೆಯ ಘೋಷಣೆಯನ್ನೂ ನ್ಯಾಯಾಲಯ ಪರಿಶೀಲಿಸಬಹುದೆಂದು ಹೇಳಿತು.

ಕೋವಿಡ್ ಕಾಲದಲ್ಲೂ ಕೇಳಿದವರಿದ್ದರು. 2020ರ ಮೇ ತಿಂಗಳಲ್ಲಿ ಕರ್ನಾಟಕ ಸರ್ಕಾರ ಕಾರ್ಖಾನೆಗಳ ದುಡಿಮೆಯನ್ನು ದಿನಕ್ಕೆ 10 ಗಂಟೆಗೆ ಏರಿಸಿತು. ವಿಷಯ ಹೈಕೋರ್ಟಿಗೆ ಹೋಯಿತು. ಜೂನ್‌ನಲ್ಲಿ ಆದೇಶ ವಾಪಸಾಯಿತು. ಗುಜರಾತಿನ ಇಂಥದೇ ಆದೇಶವನ್ನು ಅಕ್ಟೋಬರ್ 1ರಂದು ಸುಪ್ರೀಂ ಕೋರ್ಟು ರದ್ದು ಮಾಡಿತು. ಇತ್ತ ಅವಧಿ ಮುಗಿದ ಗ್ರಾಮ ಪಂಚಾಯಿತಿಗಳು ಆಡಳಿತಾಧಿಕಾರಿಗಳ ಕೈಗೆ ಹೋದವು. ಕೊನೆಗೆ ಡಿಸೆಂಬರ್ 22 ಮತ್ತು 27ರಂದು ಮತದಾನವಾಯಿತು. ಕ್ವಾರಂಟೈನ್ ಮನೆಗಳನ್ನು ಕಾಯಬೇಕಾದ, ಹೊರಗಿನಿಂದ ಬಂದವರ ಲೆಕ್ಕ ಇಡಬೇಕಾದ ಕಾಲದಲ್ಲೇ ಹಳ್ಳಿಗೆ ತಾನು ಆರಿಸಿದ ಸದಸ್ಯನಿರಲಿಲ್ಲ.

ಇನ್ನೊಂದು ಮಾತು ನಮ್ಮ ತಾಲ್ಲೂಕಿನದೇ. 2021ರ ಮಾರ್ಚ್ 2ರಂದು ಅಂದಿನ ಕೃಷಿ ಸಚಿವ ಬಿ. ಸಿ. ಪಾಟೀಲರು ಹಿರೇಕೆರೂರಿನ ತಮ್ಮ ಮನೆಯಲ್ಲೇ ಲಸಿಕೆ ಹಾಕಿಸಿಕೊಂಡರು. ನಿಯಮದಲ್ಲಿ ಅದಕ್ಕೆ ಅವಕಾಶವಿರಲಿಲ್ಲ; ಕೇಂದ್ರ ಸರ್ಕಾರ ವರದಿ ಕೇಳಿತು. ಅಮಾನತಾದದ್ದು ತಾಲ್ಲೂಕು ಆರೋಗ್ಯಾಧಿಕಾರಿ. ನಿಯಮ ದೊಡ್ಡವರ ಬಾಗಿಲಲ್ಲಿ ಸಡಿಲವಾದರೆ, ಸರದಿಯಲ್ಲಿ ನಿಂತ ಮುದುಕಿಗೆ ಆಸ್ಪತ್ರೆಯ ಮೇಲೂ ನಂಬಿಕೆ ಹೋಗುತ್ತದೆ. ನಂಬಿಕೆ ಹೋದಲ್ಲಿ ಲಸಿಕೆ ಹಾಕಿಸುವುದೂ ಕಷ್ಟ.

ಮತ್ತೊಂದು ಜಡ್ಡು ಬರುವ ಮೊದಲೇ ನಾವು ಕೇಳಿಟ್ಟುಕೊಳ್ಳಬೇಕು. ಪ್ರತಿ ಆದೇಶಕ್ಕೂ ಮುಗಿಯುವ ತಾರೀಖು ಇರಲಿ. ಯಾಕೆ ಬೇಕಾಯಿತು, ದೂರು ಯಾರಿಗೆ ಕೊಡಬೇಕು ಎಂಬುದನ್ನು ಕನ್ನಡದಲ್ಲಿ ಬರೆದು ಪಂಚಾಯಿತಿ ಗೋಡೆಗೆ ಅಂಟಿಸಲಿ. ಗೊತ್ತುಪಡಿಸಿದ ದಿನಗಳೊಳಗೆ ವಿಧಾನಸಭೆಯಲ್ಲಿ ಚರ್ಚೆಯಾಗಲಿ. ಸಚಿವರಿಗೂ ಕೂಲಿಯವರಿಗೂ ಒಂದೇ ನಿಯಮವಿರಲಿ. ಇಷ್ಟಿದ್ದರೆ ಬಾಗಿಲು ಹಾಕಿಕೊಳ್ಳಿ ಎಂದಾಗ ಚಿಕ್ಕೇರೂರು ಲಾಠಿಗೆ ಹೆದರಿ ಹಾಕಿಕೊಳ್ಳಬೇಕಿಲ್ಲ, ತಿಳಿದೇ ಹಾಕಿಕೊಳ್ಳುತ್ತದೆ.