ಕೊನೆಯ ರ‍್ಯಾಂಕಿನ ಲೆಕ್ಕ

ಸಿಇಟಿಯ ರ‍್ಯಾಂಕು ಬಂದೊಡನೆ ಅಂಕೋಲಾ ತಾಲೂಕಿನ ಹಿಲ್ಲೂರಿನಂಥ ಹಳ್ಳಿಯಲ್ಲಿ ಮನೆಯ ಜಗುಲಿಯೇ ನ್ಯಾಯಸ್ಥಾನವಾಗುತ್ತದೆ. ಮಗಳಿಗೆ 1917ರಷ್ಟು ಹಳೆಯದಾದ ಬೆಂಗಳೂರಿನ ವಿಶ್ವೇಶ್ವರಯ್ಯ ಇಂಜಿನಿಯರಿಂಗ್ ಕಾಲೇಜಿನ ಹಂಬಲ. ತಂದೆಗೆ 2007ರಲ್ಲಿ ಆರಂಭವಾದ ಕಾರವಾರದ ಸರಕಾರಿ ಕಾಲೇಜೇ ಸಾಕು. “ದೊಡ್ಡ ಹೆಸರನ್ನು ಮೊದಲು ಬರೆದರೆ ಇದ್ದುದೂ ಹೋದೀತು, ತಂಗೀ” ಎಂಬುದು ಅವರ ಅಂಜಿಕೆ.

ಈ ಅಂಜಿಕೆ ನಿರಾಧಾರವಾದುದು. ಹಂಚಿಕೆಯಲ್ಲಿ ಪಟ್ಟಿಯನ್ನು ಮೇಲಿನಿಂದ ನೋಡುತ್ತ ಬಂದು, ರ‍್ಯಾಂಕಿಗೆ ದೊರೆಯುವ ಮೊದಲ ಸೀಟನ್ನು ಕೊಡಲಾಗುತ್ತದೆ. ಮೇಲಿನದು ಸಿಗದಿದ್ದರೆ ಕೆಳಗಿನದರ ಹಕ್ಕು ಕುಂದದು. ಆದುದರಿಂದ ಬಯಕೆಯ ಕ್ರಮವೇ ಬರವಣಿಗೆಯ ಕ್ರಮವಾಗಬೇಕು.

ಸಾಧ್ಯತೆಯನ್ನು ಅಳೆಯಲು ಹಿಂದಿನ ವರ್ಷಗಳ ಕೊನೆಯ ರ‍್ಯಾಂಕುಗಳಿವೆ. ಅವು ದಾರಿ ತೋರುವವೇ ಹೊರತು ಭರವಸೆ ಕೊಡುವವಲ್ಲ. ಅವುಗಳನ್ನು ತನ್ನ ವರ್ಗದ ಅಂಕಣದಲ್ಲಿಯೇ ಓದತಕ್ಕದ್ದು. ಹತ್ತು ತರಗತಿಗಳನ್ನು ಹಳ್ಳಿಯ ಕನ್ನಡ ಶಾಲೆಯಲ್ಲಿ ಕಲಿತವಳಿಗೆ ಶೇಕಡಾ 15ರ ಗ್ರಾಮೀಣ, ಶೇಕಡಾ 5ರ ಕನ್ನಡ ಮಾಧ್ಯಮ ಮೀಸಲಾತಿಗಳುಂಟು. ಸಾಮಾನ್ಯ ಅಂಕಣವನ್ನು ನೋಡಿ ಕೈಚೆಲ್ಲುವುದು ತರವಲ್ಲ. ಅಣಕು ಹಂಚಿಕೆಯ ಬಳಿಕ ಪಟ್ಟಿಯನ್ನು ತಿದ್ದಲೂ ಅವಕಾಶವಿದೆ.

ಆದರೆ ಬೆಂಗಳೂರಿನ ಹಾಸ್ಟೆಲಿನ ಖರ್ಚನ್ನು ಯಾವ ಅಂಕಣವೂ ಹೇಳದು. ತಂದೆಯ ಅಂಜಿಕೆಯ ಬೇರು ಬಹುಶಃ ಅಲ್ಲಿಯೇ ಇದ್ದೀತು. ಪಟ್ಟಿ ಬರೆಯುವ ಮೊದಲೇ ಆ ಮಾತನ್ನು ಇಬ್ಬರೂ ಬಿಚ್ಚಿ ಆಡಿಕೊಳ್ಳುವುದು ಲೇಸು.