ಹಿಡಿದ ಕ್ಲಚ್ಚು ಬಿಡುವ ಗಳಿಗೆ

ಬಾನೆಟ್ ಎತ್ತಿದ ಕೂಡಲೇ ಮೂಗಿಗೆ ಅಡರುವುದು ಇಲಿಯ ಘಾಟು. ಅದರ ಬೆನ್ನಿಗೇ ಹಳೇ ಆಯಿಲ್, ಒಣಗಿದ ರಬ್ಬರ್, ತುಕ್ಕು. ಏರ್ ಕ್ಲೀನರ್ ಪಕ್ಕ ತೊಗರಿ ಹೊಟ್ಟು, ಹರಿದ ಗೋಣಿಚೀಲದ ನೂಲು ಸೇರಿಸಿ ಇಲಿ ಗೂಡು ಕಟ್ಟಿದೆ. ನೀವು ಕೈ ಹಾಕಲು ಹೋಗುತ್ತೀರಿ. “ತಡಿ ತಮ್ಮಾ, ಒಳಗ ಹುಳಾ ಇರ್ತದ,” ಎಂದು ಮೆಕ್ಯಾನಿಕ್ ಉಸ್ತಾದರು ನಿಮ್ಮ ಮೊಣಕೈ ಹಿಡಿದು ಹಿಂದಕ್ಕೆ ಸರಿಸುತ್ತಾರೆ. ಉದ್ದನೆಯ ಸ್ಕ್ರೂ ಡ್ರೈವರ್‌ನಿಂದ ಗೂಡನ್ನು ಕೆದರಿ ಎಳೆದು ನೆಲಕ್ಕೆ ಬೀಳಿಸುತ್ತಾರೆ. ಹಾವಿಲ್ಲ. ಆದರೂ ನಿಮ್ಮ ಎದೆ ಹೊಡೆದುಕೊಳ್ಳುವುದು ನಿಲ್ಲುವುದಿಲ್ಲ.

ಕಮಲಾಪುರದ ಈ ತಗಡಿನ ಶೆಡ್ಡಿನಲ್ಲಿ ಬೇಸಿಗೆಯ ಕಾವು ನೆತ್ತಿಯಿಂದ ಇಳಿಯುತ್ತಿದೆ. ಹೊರಗೆ ಕೆಂಪು ಬಾಳೆಯ ತೋಟ, ಒಳಗೆ ಮುತ್ಯಾನ ಅಂಬಾಸಿಡರ್, ಮಾರ್ಕ್ 3. ಮುತ್ಯಾ ತೀರಿಕೊಂಡ ಮೇಲೆ ಬಂದ ಮಳೆಗಾಲಗಳನ್ನೆಲ್ಲ ಅದು ನಿಂತಲ್ಲೇ ಕಳೆದಿದೆ. ಗುಜರಿಯವರು ಎರಡು ಸಲ ಬಂದು ತೂಕದ ಲೆಕ್ಕ ಹೇಳಿ ಹೋದರು. ನೀವು ಕೊಡಲಿಲ್ಲ. ಗ್ಯಾರೇಜಿರುವ ಕಲಬುರಗಿಗೆ ಇಲ್ಲಿಂದ 35 ಕಿ.ಮೀ. ಆಸುಪಾಸು. ಅಷ್ಟು ದಾರಿಯನ್ನು ಅದು ಲಾರಿಯ ಮೇಲಲ್ಲ, ತನ್ನ ಗಾಲಿಗಳ ಮೇಲೆಯೇ ಹೋಗಬೇಕೆಂಬುದು ನಿಮ್ಮ ಹಟ.

“ಮೊದಲ ಹೇಳು, ಯಾವ ಇಂಜಿನ್ ಅದ?”

ನೀವು ಬಗ್ಗಿ ನೋಡುತ್ತೀರಿ. ಹೊರಗಿನಿಂದ ಒಂದೇ ಥರ ಕಾಣುವ ಈ ಗಾಡಿಯ ಹೊಟ್ಟೆಯಲ್ಲಿ ಬೇರೆ ಬೇರೆ ಕಾಲಕ್ಕೆ ಬೇರೆ ಬೇರೆ ಇಂಜಿನ್ನುಗಳು ಕೂತಿವೆ. ನಡುವೆ ಮಾಲಕರು ಬದಲಿಸಿದ್ದೂ ಉಂಟು, ಆದ್ದರಿಂದ ಆರ್.ಸಿ. ಪುಸ್ತಕವನ್ನು ನಂಬಿ ಸಾಮಾನು ತಂದರೆ ಕೆಟ್ಟಿರಿ. ಚಾಲಕನ ಬದಿಗೆ, ಬಲಗಡೆ, ನಾಲ್ಕು ಪ್ಲಗ್ಗು. ಅವಕ್ಕೆ ಹೋಗುವ ದಪ್ಪ ವೈರುಗಳನ್ನು ಬೆರಳಿನಿಂದ ಹಿಂಬಾಲಿಸಿದರೆ ಸಿಗುವ ಕಪ್ಪು ಟೋಪಿ ಡೆಲ್ಕೋ. ಎಡಗಡೆ ಕಾರ್ಬುರೇಟರ್, ಅದರ ಕೆಳಗೆ ಸೈಲೆನ್ಸರ್ ಕಡೆಗೆ ಇಳಿಯುವ ಮ್ಯಾನಿಫೋಲ್ಡ್. ಮೇಲೆ ಎರಡೇ ನಟ್ಟು ಹಿಡಿದ ತಗಡಿನ ಟ್ಯಾಪೆಟ್ ಕವರ್, ಅದರಲ್ಲೇ ಆಯಿಲ್ ಸುರಿಯುವ ಮುಚ್ಚಳ. ಬ್ರಿಟನ್ನಿನ ಬಿಎಂಸಿ ಕಂಪನಿಯ ವಿನ್ಯಾಸ, 1489 ಸಿ.ಸಿ. ಪೆಟ್ರೋಲ್. ಡೀಸೆಲ್ ಆಗಿದ್ದರೆ ಡೆಲ್ಕೋ, ಕಾಯಿಲ್ ಎರಡೂ ಇರುತ್ತಿರಲಿಲ್ಲ, ಪಂಪಿನಿಂದ ನಾಲ್ಕು ಸಣ್ಣ ಉಕ್ಕಿನ ಪೈಪುಗಳು ಮೇಲೇರುತ್ತಿದ್ದವು. 1990ರ ದಶಕದ ಇಸುಜು ಇಂಜಿನ್ ಆಗಿದ್ದರೆ ಕ್ಯಾಮ್ ಮೇಲೆಯೇ ಇದ್ದು ತಲೆಯ ಭಾಗವೇ ಬೇರೆಯಾಗಿ ಕಾಣುತ್ತಿತ್ತು.

“ಪೆಟ್ರೋಲ್, ಹಳೇದು,” ಅನ್ನುತ್ತೀರಿ. ಉಸ್ತಾದರು ತಲೆಯಾಡಿಸಿ ಪ್ಲಗ್ ಪಾನಾ ನಿಮ್ಮ ಕೈಗೆ ಕೊಡುತ್ತಾರೆ.

ಪ್ಲಗ್ಗು ಬಿಚ್ಚುತ್ತೀರಿ, ಒಂದೊಂದು ತೂತಿಗೂ ಒಂದಿಷ್ಟು ಆಯಿಲ್ ಬಿಡುತ್ತೀರಿ, ಕಾಯುತ್ತೀರಿ. ಆಮೇಲೆ ಮುಂದಿನಿಂದ ಹ್ಯಾಂಡಲ್ ತೂರಿಸಿ ಕೂರುತ್ತೀರಿ. “ಹೆಬ್ಬೆಟ್ಟು ಬೆರಳಿನ ಕಡೀಗೇ ಇರ್ಲಿ. ಸುತ್ತಿ ಹಿಡಿಬ್ಯಾಡ,” ಎಂಬ ಮಾತು ಬರುತ್ತದೆ. ಪ್ಲಗ್ ಹಾಕಿದ ಇಂಜಿನ್ ಹಿಂದಕ್ಕೆ ಒದ್ದರೆ ಸುತ್ತಿ ಹಿಡಿದ ಹೆಬ್ಬೆರಳು ಮುರಿಯುತ್ತದೆ. ಈಗ ಪ್ಲಗ್ ಇಲ್ಲ, ಒದೆಯುವುದಿಲ್ಲ, ಆದರೂ ರೂಢಿ ರೂಢಿಯೇ. ಎಳೆಯುತ್ತೀರಿ. ಅಲುಗುವುದಿಲ್ಲ. ಇನ್ನಷ್ಟು ಭಾರ ಹಾಕುತ್ತೀರಿ, ಭುಜದ ಸ್ನಾಯು ನಡುಗುತ್ತದೆ. ಪಿಸ್ಟನ್ನೇ ಹಿಡಿದಿದ್ದರೆ ಇಂದಿಗೇ ಕತೆ ಮುಗಿಯಿತು. ಆಗ ಒಳಗೆಲ್ಲೋ ಏನೋ ಸಡಿಲಾಗಿ ಹ್ಯಾಂಡಲ್ ನಿಧಾನಕ್ಕೆ ಮೇಲೇರುತ್ತದೆ. ಪ್ಲಗ್ ತೂತುಗಳಿಂದ ಆಯಿಲ್ ಹನಿಗಳು ಮುಖಕ್ಕೆ ಚಿಮ್ಮುತ್ತವೆ. ಒರೆಸಿಕೊಳ್ಳಲೂ ಮನಸ್ಸಾಗುವುದಿಲ್ಲ.

ಹೊಸ ಬ್ಯಾಟರಿ, ಹೊಸ ಪೆಟ್ರೋಲ್, ಉಜ್ಜಿದ ಪಾಯಿಂಟು. ಇಂಜಿನ್ ಕೆಮ್ಮುತ್ತ, ನೀಲಿ ಹೊಗೆ ಕಾರುತ್ತ ಹಿಡಿಯುತ್ತದೆ. ನೀವು ಕ್ಲಚ್ ಒತ್ತಿ ಸ್ಟೀರಿಂಗ್ ಪಕ್ಕದ ಗೇರಿನ ಕೋಲು ಎಳೆಯುತ್ತೀರಿ. ಕರ್ರ್ರ್ ಎಂಬ ಸದ್ದು ಅಂಗೈಯಿಂದ ಹಲ್ಲಿನವರೆಗೆ ಏರುತ್ತದೆ. ಮತ್ತೊಮ್ಮೆ. ಅದೇ. ಇಂಜಿನ್ ಆಫ್ ಮಾಡಿದರೆ ಗೇರ್ ಸಲೀಸಾಗಿ ಬೀಳುತ್ತದೆ, ಆದರೆ ಪೆಡಲ್ ಪೂರ್ತಿ ಒತ್ತಿ ಹಿಡಿದಿದ್ದರೂ ತಳ್ಳುವವರಿಗೆ ಗಾಡಿ ಕದಲುವುದಿಲ್ಲ.

ಇಲ್ಲಿ ಅವಸರ ಮಾಡಬಾರದು. ಉಸ್ತಾದರು ಟಾರ್ಚ್ ಹಿಡಿದು ಗಾಡಿಯ ಕೆಳಗೆ ಮಲಗುತ್ತಾರೆ. “ಒತ್ತು. ಬಿಡು. ಒತ್ತು.” ಕ್ಲಚ್ಚಿನ ಫೋರ್ಕ್ ಪೂರ್ತಿ ಸರಿಯುತ್ತಿದೆ. ಅಂದರೆ ಪೆಡಲಿನ ತಪ್ಪಲ್ಲ, ನಡುವಿನ ಜೋಡಣೆಯ ತಪ್ಪೂ ಅಲ್ಲ. ಇಂಜಿನ್ನಿನ ಹಿಂದೆ ತಿರುಗುವ ಫ್ಲೈವೀಲ್ ಬೀಡುಕಬ್ಬಿಣದ್ದು. ಅದಕ್ಕೂ ಪ್ರೆಷರ್ ಪ್ಲೇಟಿಗೂ ನಡುವೆ, ಸ್ಪ್ರಿಂಗಿನ ಬಿಗಿಯಲ್ಲಿ, ಕ್ಲಚ್ ಪ್ಲೇಟ್ ಸಿಕ್ಕಿಕೊಂಡಿರುತ್ತದೆ. ಮಳೆಗಾಲದ ತೇವಕ್ಕೆ ಕಬ್ಬಿಣ ತುಕ್ಕು ಹಿಡಿದು ಪ್ಲೇಟನ್ನು ಕಚ್ಚಿಕೊಂಡಿದೆ. ಸ್ಪ್ರಿಂಗ್ ಹಿಂದೆ ಸರಿದರೂ ಪ್ಲೇಟ್ ಬಿಡುತ್ತಿಲ್ಲ.

“ಪ್ಲೇಟ್ ಹಿಡ್ಕೊಂಡದ,” ಎಂದು ಉಸ್ತಾದರು ಹೊರಳಿ ಹೊರಬಂದು ಬೆನ್ನಿನ ಮಣ್ಣು ಕೊಡವುತ್ತಾರೆ.

ಇಂಜಿನ್ನನ್ನು ಚೆನ್ನಾಗಿ ಕಾಯಿಸುತ್ತೀರಿ. ಪೆಡಲ್ ತಳಕ್ಕೆ ಒತ್ತಿ, ಅದಕ್ಕೂ ಸೀಟಿನ ಚೌಕಟ್ಟಿಗೂ ನಡುವೆ ಕಟ್ಟಿಗೆಯ ತುಂಡು ಕೊಟ್ಟು ರಾತ್ರಿಯಿಡೀ ಬಿಡುತ್ತೀರಿ. ಎಷ್ಟೋ ಪ್ಲೇಟುಗಳು ಇಷ್ಟಕ್ಕೇ ಬಿಡುತ್ತವೆ. ಬೆಳಿಗ್ಗೆ ನಿಮ್ಮದು ಬಿಟ್ಟಿಲ್ಲ.

ಈಗ ಮೂರು ದಾರಿ. ಗೇರ್‌ಬಾಕ್ಸ್ ಇಳಿಸಿ ಕೈಯಿಂದ ಕೀಳುವುದು ಒಂದು. ಅದು ಖಚಿತ, ಆದರೆ ಈ ಶೆಡ್ಡಿನಲ್ಲಿ ಅದಕ್ಕೆ ಬೇಕಾದ ಸಲಕರಣೆ ಇಲ್ಲ. ಹಿಂದಿನ ಗಾಲಿಗಳನ್ನು ಜಾಕಿನ ಮೇಲೆತ್ತಿ, ಗೇರಿನಲ್ಲಿ ಓಡಿಸಿ, ಬ್ರೇಕ್ ಗುದ್ದುವುದು ಇನ್ನೊಂದು. ಅದನ್ನು ನೀವು ಹೇಳಿದ್ದೇ ತಡ, ಉಸ್ತಾದರ ಮುಖ ಗಂಟಿಕ್ಕುತ್ತದೆ. “ಜಾಕ್ ಜಾರಿದ್ರ ಗಾಡಿ ಗ್ವಾಡಿ ವಳಗ. ಮುಂದ ಯಾರರೆ ನಿಂತಿದ್ರ? ನಾ ಮಾಡಂಗಿಲ್ಲ.” ಅವರು ಹೇಳುವುದು ಸರಿ, ಇದನ್ನು ಯಾರೂ ಮಾಡಬಾರದು. ಉಳಿದದ್ದು ರಸ್ತೆ. ಅದಕ್ಕೂ ಅವರ ಷರತ್ತು ಒಂದೇ: ಮೊದಲು ಬ್ರೇಕು. ಆ ಇಡೀ ದಿನ ನಾಲ್ಕೂ ಗಾಲಿ ಬಿಚ್ಚಿ, ಹಳೆಯ ರಬ್ಬರ್ ವಾಷರ್ ಕಿತ್ತು ಹೊಸದು ಕೂರಿಸಿ, ಬ್ರೇಕ್ ಆಯಿಲ್ ತುಂಬಿ ಗಾಳಿ ತೆಗೆಯುವುದರಲ್ಲೇ ಹೋಗುತ್ತದೆ. ಪೆಡಲ್ ಕಲ್ಲಿನ ಹಾಗೆ ಗಟ್ಟಿಯಾಗುವ ತನಕ ಅವರು ಗೇರಿನ ಮಾತೇ ಎತ್ತುವುದಿಲ್ಲ.

ಮರುದಿನ ನಸುಕಿನಲ್ಲಿ ಹೆದ್ದಾರಿಯಲ್ಲ, ಹೊಲದ ಕಡೆಗೆ ಇಳಿಯುವ ಖಾಲಿ ದಾರಿ. ಎರಡೂ ಬದಿ ಕರಿ ಎರೆ ಮಣ್ಣು, ಬಿರುಕು ಬಿಟ್ಟದ್ದು. ದೂರದ ತಿರುವಿನಲ್ಲಿ ಹುಣಸೆ ಮರ. ಇಂಜಿನ್ ಕಾದಿದೆ. ಆಫ್ ಮಾಡಿ ಒಂದನೇ ಗೇರ್ ಹಾಕುತ್ತೀರಿ. ಇನ್ನು ಸೆಲ್ಫ್ ಹೊಡೆದರೆ ಇಂಜಿನ್ ಜೊತೆ ಗಾಡಿಯೂ ಹೊರಡುತ್ತದೆ, ತಡೆಯಲು ಕ್ಲಚ್ ಇಲ್ಲ. ಎಡಗಾಲು ಪೆಡಲನ್ನು ತಳಕ್ಕೆ ಅದುಮಿದೆ. ಅಂಗೈ ಬೆವರಿ ಸ್ಟೀರಿಂಗ್ ಜಾರುತ್ತಿದೆ. ಪಕ್ಕದಲ್ಲಿ ಉಸ್ತಾದರು ಡ್ಯಾಶ್‌ಬೋರ್ಡಿಗೆ ಎರಡೂ ಕೈ ಊರಿದ್ದಾರೆ.

“ಹೊಡಿ.”

ಗಾಡಿ ಕುಪ್ಪಳಿಸುತ್ತದೆ. ಮತ್ತೊಮ್ಮೆ ಕುಪ್ಪಳಿಸುತ್ತದೆ. ಕುತ್ತಿಗೆ ಹಿಂದಕ್ಕೆ ಬೀಳುತ್ತದೆ, ಇಂಜಿನ್ ಹಿಡಿಯುತ್ತದೆ, ಇಳಿಜಾರು ಎಳೆದುಕೊಳ್ಳುತ್ತದೆ. “ಎರಡಕ್ಕ ತಗೋ, ಹಗೂರಕ.” ಆಕ್ಸಿಲರೇಟರ್ ಬಿಟ್ಟು, ಕೋಲನ್ನು ನ್ಯೂಟ್ರಲ್‌ಗೆ ತಂದು, ಒತ್ತದೆ, ಬರೀ ತಾಗಿಸಿ ಹಿಡಿಯುತ್ತೀರಿ. ವೇಗಕ್ಕೆ ವೇಗ ಕೂಡಿದ ಕ್ಷಣ ಗೇರ್ ತಾನೇ ಒಳಗೆ ಜಾರುತ್ತದೆ. “ಕೊಡು. ಬಿಡು. ಕೊಡು. ಬಿಡು.” ಆಕ್ಸಿಲರೇಟರ್ ಒತ್ತಿದಾಗ ಬೆನ್ನು ಸೀಟಿಗೆ, ಬಿಟ್ಟಾಗ ಎದೆ ಸ್ಟೀರಿಂಗಿಗೆ. ಕೆಳಗೆ ಪ್ರೊಪೆಲ್ಲರ್ ಶಾಫ್ಟ್ ಗುದ್ದುತ್ತದೆ. ಪ್ಲೇಟ್ ಬಿಡುವುದಿಲ್ಲ. ಎಡಗಾಲಿನ ಮೀನಖಂಡ ಸೆಳೆಯುತ್ತಿದೆ. ಹುಣಸೆ ಮರ ಹತ್ತಿರಾಗುತ್ತಿದೆ.

“ಬ್ರೇಕ್!”

ಗುದ್ದುತ್ತೀರಿ. ಟಯರ್ ಕಿರುಚುತ್ತದೆ, ಗಾಡಿ ನಿಲ್ಲುತ್ತದೆ, ಇಂಜಿನ್ನೂ ನಿಲ್ಲುತ್ತದೆ. ಧೂಳು ಕಿಟಕಿಯಿಂದ ನುಗ್ಗಿ ನಾಲಿಗೆಗೆ ಮಣ್ಣಿನ ರುಚಿ.

ಇನ್ನೊಮ್ಮೆ ಮಾಡಬೇಕೆ? ಗೇರ್‌ಬಾಕ್ಸಿನ ಹಲ್ಲು ಮುರಿದರೆ? ಹಿಂದಿನ ಆ್ಯಕ್ಸಲ್ ಹೋದರೆ? ಉಸ್ತಾದರು ನಿಮ್ಮನ್ನು ನೋಡುತ್ತಾರೆ, ಏನೂ ಹೇಳುವುದಿಲ್ಲ. ಗಾಡಿ ನಿಮ್ಮದು. ಗಾಡಿಯನ್ನು ತಳ್ಳಿಸಿ ಮೇಲಕ್ಕೆ ತಂದು ಮತ್ತೆ ಸೆಲ್ಫ್ ಹೊಡೆಯುತ್ತೀರಿ. ಕುಪ್ಪಳ. ಒಂದು. ಎರಡು. ಕೊಡು, ಬಿಡು. ಕೊಡು, ಬಿಡು. ಮರ. ಬ್ರೇಕ್!

ಟಪ್.

ಕಿವಿಗಿಂತ ಮೊದಲು ಅಂಗಾಲಿಗೆ ಗೊತ್ತಾಗುತ್ತದೆ. ಗಾಡಿ ನಿಂತಿದೆ. ಇಂಜಿನ್ ನಿಂತಿಲ್ಲ. ಗೇರ್ ಎರಡರಲ್ಲೇ ಇದೆ, ಎಡಗಾಲು ತಳದಲ್ಲೇ ಇದೆ, ಇಂಜಿನ್ ತನ್ನ ಪಾಡಿಗೆ ಗುಡುಗುಡು ಅನ್ನುತ್ತಿದೆ. ನೆಲದ ರಬ್ಬರ್ ಶೀಟಿನ ಸಂದಿಯಿಂದ ಸುಟ್ಟ ಲೈನಿಂಗಿನ ವಾಸನೆ ಏರಿ ಗಂಟಲು ಕೆರೆಯುತ್ತದೆ. ಉಸ್ತಾದರು ಡ್ಯಾಶ್‌ಬೋರ್ಡ್ ಬಿಟ್ಟು ನಿಮ್ಮ ತೊಡೆಗೆ ಜೋರಾಗಿ ಒಂದು ಹೊಡೆಯುತ್ತಾರೆ. ನೋವಾಗುತ್ತದೆ. ನೀವು ನಗುತ್ತಿದ್ದೀರಿ.

ಅಲ್ಲಿಂದ ಹೆದ್ದಾರಿ ಹಿಡಿದು, ಕುರಿಕೋಟಾ ಸೇತುವೆ ದಾಟಿ, ಮಹಾಗಾಂವ ಕ್ರಾಸ್ ದಾಟಿ, ಲಾರಿಗಳಿಗೆ ದಾರಿ ಬಿಡುತ್ತ ಕಲಬುರಗಿ ಸೇರುತ್ತೀರಿ. ಹುಮನಾಬಾದ್ ರಿಂಗ್ ರೋಡಿನಲ್ಲಿ ನೀವು ಪಕ್ಕಕ್ಕೆ ತಿರುಗಿಸಲು ಹೋದರೆ ಉಸ್ತಾದರು ತಡೆಯುತ್ತಾರೆ. “ರಿಂಗ್ ರೋಡ್ ಬ್ಯಾಡ, ಸೂಪರ್ ಮಾರ್ಕೆಟ್ ಮ್ಯಾಲಿಂದ ಹೋಗು. ಅಲ್ಲಿ ಹೆಜ್ಜಿಗೊಮ್ಮೆ ಕ್ಲಚ್ ಒತ್ತಬೇಕು. ಉಳದ ತುಕ್ಕು ಅಲ್ಲೇ ಉಜ್ಜಿ ಹೋಗ್ತದ.”

ಹೌದು, ಇದಕ್ಕಿಂತ ಕಟ್ಟುನಿಟ್ಟಿನ ಪರೀಕ್ಷೆ ಬೇರೆ ಇಲ್ಲ. ಮುಂದೆ ಆಟೋ, ಬಲಕ್ಕೆ ಹಣ್ಣಿನ ಬಂಡಿ, ಎಡಕ್ಕೆ ಬಟ್ಟೆಯ ಚೀಲ ಹಿಡಿದು ಮದುವೆ ಸಂತೆಗೆ ಬಂದ ಕುಟುಂಬ. ಎರಡು ಮಾರು ಸಾಗಿ ನಿಲ್ಲುತ್ತೀರಿ, ಮತ್ತೆ ಎರಡು ಮಾರು. ಪೆಡಲ್ ಬಿಡುವಾಗ ಗಾಡಿ ಗಡಗಡ ನಡುಗುತ್ತದೆ. ಬಂಡಿಗಳ ಸಾಲು ಮುಗಿಯುವ ಹೊತ್ತಿಗೆ ನಡುಕ ಅರ್ಧಕ್ಕಿಳಿದಿದೆ, ಪೂರ್ತಿ ಹೋಗಿಲ್ಲ. ಉಸ್ತಾದರು ಕಣ್ಣು ಮುಚ್ಚಿ, ಅಂಗೈಯನ್ನು ಗೇರಿನ ಕೋಲಿನ ಮೇಲಿಟ್ಟು ಕೇಳುತ್ತಿದ್ದಾರೆ.

“ಪ್ಲೇಟ್ ಒಂದ್ ಕಡಿ ಹರದದ. ಲೈನಿಂಗ್ ತುಣುಕು ಫ್ಲೈವೀಲಿಗೇ ಅಂಟ್ಕೊಂಡಿರ್ತದ. ಮಳಿ ಬರೂದ್ರಾಗ ಇಳಸಬೇಕು.”

“ಎಷ್ಟು ದಿನ ಓಡ್ತದ ಉಸ್ತಾದ್?”

“ಗ್ಯಾರೇಜಿನ ತನ ಓಡ್ತದ. ಅಲ್ಲೀತನಕ ಅರ್ಧ ಕ್ಲಚ್ ಹಿಡದು ನಿಲ್ಲಬ್ಯಾಡ. ನ್ಯೂಟ್ರಲ್ ಮಾಡಿ ಕಾಲು ತಗಿ.”

ಹಿಂದಿನ ಆಟೋದವನು ಹಾರ್ನ್ ಒತ್ತಿ ಹಿಡಿಯುತ್ತಾನೆ. ನೀವು ಪೆಡಲನ್ನು ತಳಕ್ಕೆ ಒತ್ತಿ ಒಂದನೇ ಗೇರ್ ಹಾಕುತ್ತೀರಿ, ಬೀಳುತ್ತದೆ.